ಬದುಕುಳಿದವರ ನೆರೆಹೊರೆ



ಮಡಿಕೇರಿಯ ಈ ಸಭೆಯಲ್ಲಿ ಕುಳಿತವರಲ್ಲಿ ಹಲವರು, ಕೊಡಗಿನಲ್ಲಿ ಗುಡ್ಡಗಳು ಕುಸಿದ 2018ರ ಆಗಸ್ಟ್ ತಿಂಗಳನ್ನು ಕಣ್ಣಾರೆ ಕಂಡವರು. ಮಕ್ಕಂದೂರು, ಮುಕ್ಕೋಡ್ಲು, ಹಟ್ಟಿಹೊಳೆ, ಕಾಲೂರು, ಮದೆನಾಡು, ಜೋಡುಪಾಲ ಎಂದು ನಾನು ಹೆಸರು ಹೇಳುತ್ತಾ ಹೋದರೆ ಹೊರಗಿನವರ ಕಣ್ಣಿಗೆ ಬರುವುದು ನಕ್ಷೆ. ನಿಮ್ಮ ಕಣ್ಣಿಗೆ ಬರುವುದು ಮನೆ, ತೋಟ, ಮುಖ. ಗುಡ್ಡ ಯಾಕೆ ಕುಸಿಯಿತು, ಬರೆ ಯಾಕೆ ಜಾರಿತು ಎಂಬುದನ್ನು ಭೂವಿಜ್ಞಾನಿಗಳು ಹೇಳಬೇಕು, ಹೇಳಿಯೂ ಇದ್ದಾರೆ. ಮನೋವೈದ್ಯಕೀಯ ಸಮಾಜಕಾರ್ಯ ನನ್ನ ವೃತ್ತಿ. ನನ್ನ ಕೆಲಸ ಶುರುವಾಗುವುದು ಆಮೇಲೆ. ಗಂಜಿ ಕೇಂದ್ರ ಮುಚ್ಚಿ, ಮಂತ್ರಿಗಳ ಕಾರು ಹಿಂತಿರುಗಿ, ಪತ್ರಿಕೆಯ ಮುಖಪುಟದಿಂದ ಊರಿನ ಹೆಸರು ಇಳಿದ ಮೇಲೆ ಬದುಕುಳಿದವರ ಮನಸ್ಸಿಗೆ ಏನಾಗುತ್ತದೆ? ಕೆಲವರು ಮೊದಲಿಗಿಂತ ಗಟ್ಟಿಯಾಗಿ ಎದ್ದು ನಿಲ್ಲುತ್ತಾರೆ. ಇನ್ನು ಕೆಲವರು ವರ್ಷ ವರ್ಷವೂ ಒಳಗೊಳಗೇ ಕುಸಿಯುತ್ತಾರೆ. ಈ ವ್ಯತ್ಯಾಸ ಎಲ್ಲಿಂದ ಬರುತ್ತದೆ?

ಅದು ಆಯಾ ವ್ಯಕ್ತಿಯ ಮನೋಬಲದಿಂದ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನಾನು ಅದನ್ನು ಪೂರ್ತಿ ಒಪ್ಪುವುದಿಲ್ಲ. ಮನೋಬಲ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಮನಸ್ಸು ಚೇತರಿಸಿಕೊಳ್ಳುವುದು ಬಹುಪಾಲು ನೆರೆಹೊರೆಯ ನಡುವೆ. ಆ ನೆರೆಹೊರೆ ಉಳಿಯಬೇಕೋ ಚದುರಬೇಕೋ ಎಂಬುದನ್ನು ತೀರ್ಮಾನಿಸುವವರು ಮನೋವೈದ್ಯರಲ್ಲ. ಮನೆ ಹಂಚುವ ಕಂದಾಯ ಇಲಾಖೆ, ಬಡಾವಣೆಯ ನಕ್ಷೆ ಬರೆಯುವ ಎಂಜಿನಿಯರು, ಫಲಾನುಭವಿಗಳ ಪಟ್ಟಿ ಮಾಡುವ ಪಂಚಾಯಿತಿ, ಇವರು ತೀರ್ಮಾನಿಸುತ್ತಾರೆ. ತಾವು ಜನರ ಮನಸ್ಸಿಗೆ ಸಂಬಂಧಪಟ್ಟ ತೀರ್ಮಾನ ಮಾಡುತ್ತಿದ್ದೇವೆ ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಅದನ್ನು ಅವರಿಗೆ ಗೊತ್ತು ಮಾಡಿಸುವುದಕ್ಕೆಂದೇ ಈ ಉಪನ್ಯಾಸವನ್ನು ಒಪ್ಪಿಕೊಂಡೆ.

ಮೊದಲು ಒಂದು ಚೀಲದ ಬಗ್ಗೆ ಹೇಳುತ್ತೇನೆ. ಈ ಜಿಲ್ಲೆಯ ಪುನರ್ವಸತಿ ಬಡಾವಣೆಯೊಂದರಲ್ಲಿ ಅರವತ್ತರ ಆಸುಪಾಸಿನ ಒಬ್ಬ ತಾಯಿ ಇದ್ದಾರೆ. ಜೂನ್ ಬಂತೆಂದರೆ ಅವರ ಮನೆಯ ಬಾಗಿಲ ಪಕ್ಕದ ಮೊಳೆಗೆ ಒಂದು ರೆಕ್ಸಿನ್ ಚೀಲ ಬಂದು ನೇತಾಡುತ್ತದೆ. ಒಳಗೆ ಆಧಾರ್, ಪಡಿತರ ಚೀಟಿ, ಬ್ಯಾಂಕ್ ಪಾಸ್‌ಬುಕ್, ಈಗ ಇಲ್ಲದ ತೋಟದ ಪಹಣಿ, ಬಿಪಿ ಮಾತ್ರೆ, ಟಾರ್ಚು, ಒಂದು ಸೀರೆ, ಮೊಮ್ಮಗಳ ಸ್ವೆಟರು. ಸ್ವೆಟರು ಪ್ರತಿ ವರ್ಷ ಬದಲಾಗುತ್ತದೆ, ಮಗು ಬೆಳೆಯುತ್ತಿದೆಯಲ್ಲ. ಮಳೆ ನಿಂತ ಮೇಲೆ ಚೀಲ ಬೀರುವಿನ ಮೇಲಕ್ಕೆ ಹೋಗುತ್ತದೆ. ಅಮ್ಮನಿಗೆ ಏನೋ ಕಾಯಿಲೆ ಅಂಟಿಕೊಂಡಿದೆ ಎಂದು ಮಗನ ಚಿಂತೆ. ಔಷಧಿ ಕೊಡಿಸೋಣವೇ ಎಂದು ನನ್ನನ್ನು ಕೇಳಿದರು. ನಾನು ಉತ್ತರಿಸುವ ಮೊದಲೇ ತಾಯಿ ಒಳಗಿನಿಂದ ಹೇಳಿದರು: “ಅವತ್ತು ಬರಿಗೈಲಿ ಓಡಿದ್ದೆ ಮೇಡಂ. ಇನ್ನೊಂದ್ಸಲ ಬರಿಗೈಲಿ ಓಡಲ್ಲ.”

ಇದು ಕಾಯಿಲೆಯಲ್ಲ. ಗುಡ್ಡ ಕಲಿಸಿದ ಪಾಠವನ್ನು ಆ ತಾಯಿ ಕಲಿತಿದ್ದಾರೆ, ಅಷ್ಟೇ. ಅವರು ರಾತ್ರಿ ಮಲಗುತ್ತಾರೆ, ಬೆಳಿಗ್ಗೆ ಎದ್ದು ಕೆಲಸ ಮಾಡುತ್ತಾರೆ, ಪಕ್ಕದ ಮನೆಯವರ ಜೊತೆ ಜಗಳವನ್ನೂ ಆಡುತ್ತಾರೆ. ಕಕ್ಕಡ ಮಾಸದ ಮಳೆ ಹಂಚಿನ ಮೇಲೆ ಬೀಳುವ ಸದ್ದು ಒಂದು ಕಾಲಕ್ಕೆ ಈ ನಾಡಿನಲ್ಲಿ ನಿದ್ದೆ ತರುವ ಸದ್ದಾಗಿತ್ತು. 2018ರ ನಂತರ ಅದೇ ಸದ್ದಿಗೆ ಎಚ್ಚರವಾಗುವವರು ಎಷ್ಟೋ ಮಂದಿ. ದುರಂತದ ಮೊದಲ ವಾರಗಳಲ್ಲಿ ನಿದ್ದೆ ಹೋಗುವುದು, ಸಣ್ಣ ಸದ್ದಿಗೂ ಬೆಚ್ಚಿಬೀಳುವುದು, ಊಟ ಸೇರದಿರುವುದು, ಮಕ್ಕಳು ಮತ್ತೆ ಹಾಸಿಗೆ ಒದ್ದೆ ಮಾಡಿಕೊಳ್ಳುವುದು, ‘ನಾನೊಬ್ಬನೇ ಯಾಕೆ ಉಳಿದೆ’ ಎಂದು ಕೊರಗುವುದು, ಇವೆಲ್ಲ ಆಗಬಾರದ್ದನ್ನು ಕಂಡ ಮನಸ್ಸು ತೋರುವ ಸಹಜ ಪ್ರತಿಕ್ರಿಯೆಗಳು. ಹೆಚ್ಚಿನವರಲ್ಲಿ ಕಾಲ ಕಳೆದಂತೆ ಇಳಿಯುತ್ತವೆ. ಕೊಲಂಬಿಯಾ ವಿಶ್ವವಿದ್ಯಾಲಯದ ಮನಃಶಾಸ್ತ್ರಜ್ಞ ಜಾರ್ಜ್ ಬೊನಾನ್ನೊ ಸಾವು, ದುರಂತಗಳನ್ನು ಎದುರಿಸಿದವರನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ತೀರಾ ಕುಗ್ಗಿಹೋಗುವವರಿಗಿಂತ, ನೋವಿನ ನಡುವೆಯೂ ಬದುಕನ್ನು ತೂಗಿಸಿಕೊಂಡು ಹೋಗುವವರೇ ಹೆಚ್ಚು ಎಂಬುದು ಅವರು ಮತ್ತೆ ಮತ್ತೆ ಕಂಡ ಸಂಗತಿ. ನಮ್ಮ ವೃತ್ತಿಯವರು ಇದನ್ನು ಒಪ್ಪಿಕೊಳ್ಳಲು ತಡ ಮಾಡಿದೆವು. ಚಿಕಿತ್ಸಾಲಯಕ್ಕೆ ಬರುವವರನ್ನೇ ನೋಡುತ್ತಾ ಕುಳಿತವರಿಗೆ ಬಾರದೆ ಉಳಿದವರ ಲೆಕ್ಕ ಸಿಗುವುದಿಲ್ಲ.

ಇನ್ನೊಂದು ಗುಂಪಿನವರಿಗೆ ಇದು ತಾನಾಗಿ ಇಳಿಯುವುದಿಲ್ಲ. ತಿಂಗಳು ಕಳೆದರೂ ಕಣ್ಣು ಮುಚ್ಚಿದರೆ ಅದೇ ಕೆಸರು ನುಗ್ಗುತ್ತದೆ, ಆ ದಾರಿಯಲ್ಲಿ ಕಾಲಿಡಲಾಗುವುದಿಲ್ಲ, ಕುಡಿತ ಏರುತ್ತದೆ, ಸಾಯುವ ಮಾತು ಬರುತ್ತದೆ. ಆಘಾತೋತ್ತರ ಒತ್ತಡದ ಕಾಯಿಲೆ, ಖಿನ್ನತೆ ಎಂದು ನಾವು ಕರೆಯುವುದು ಇವನ್ನು. ಇವಕ್ಕೆ ಚಿಕಿತ್ಸೆ ಇದೆ, ಅದು ಕೆಲಸವನ್ನೂ ಮಾಡುತ್ತದೆ. ಟೆಲಿ ಮಾನಸ್‌ನ 14416ಕ್ಕೆ ಹಗಲಾಗಲಿ ರಾತ್ರಿಯಾಗಲಿ ಕರೆ ಮಾಡಿದರೆ ಕನ್ನಡದಲ್ಲೇ ಮಾತನಾಡಬಹುದು. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶಕ್ಕೆಲ್ಲ ಹರಡಿದ್ದು ನಿಮ್ಹಾನ್ಸ್ ಬಳ್ಳಾರಿಯಲ್ಲಿ 1980ರ ದಶಕದಲ್ಲಿ ಮಾಡಿ ತೋರಿಸಿದ ಮಾದರಿಯಿಂದ. ಅಂದರೆ ಈ ವಿಷಯದಲ್ಲಿ ಕರ್ನಾಟಕ ದಾರಿ ತೋರಿಸಿದ ರಾಜ್ಯ. ಚಿಕಿತ್ಸೆಯ ಬಗ್ಗೆ ಇಷ್ಟು ಸಾಕು. ಬೇಕಾದವರು ಸಂಕೋಚಪಡದೆ ತೆಗೆದುಕೊಳ್ಳಿ.

ನಾನು ಆತಂಕಪಡುವುದು ಬೇಡದವರ ಮೇಲೂ ಹೇರುವ ಸಾಂತ್ವನದ ಬಗ್ಗೆ. ವಿಕೋಪವಾದ ವಾರದೊಳಗೆ ಶಿಬಿರಕ್ಕೆ ಸ್ವಯಂಸೇವಕರು ಬರುತ್ತಾರೆ. ಅವರ ಮನಸ್ಸು ಒಳ್ಳೆಯದು. ಬಂದವರು ‘ಏನಾಯಿತು ಹೇಳಿ, ಎಲ್ಲವನ್ನೂ ಹೊರಹಾಕಿ, ಹಗುರಾಗುತ್ತದೆ’ ಎನ್ನುತ್ತಾರೆ. ಬೆಳಿಗ್ಗೆ ಒಂದು ತಂಡಕ್ಕೆ ಹೇಳಿದ್ದನ್ನು ಮಧ್ಯಾಹ್ನ ಇನ್ನೊಂದು ತಂಡಕ್ಕೆ ಹೇಳಬೇಕು, ಸಂಜೆ ಟಿವಿಯವರಿಗೆ. ಹೀಗೆ ಆದದ್ದನ್ನೆಲ್ಲ ಒಂದೇ ಸಲಕ್ಕೆ ಹೇಳಿಸುವ ಕ್ರಮ ಮೊದಲು ಹುಟ್ಟಿದ್ದು ಅಮೆರಿಕದಲ್ಲಿ, ಅಗ್ನಿಶಾಮಕ ಮತ್ತು ಆಂಬುಲೆನ್ಸ್ ಸಿಬ್ಬಂದಿಗಾಗಿ. ಜೆಫ್ರಿ ಮಿಚೆಲ್ ಅದನ್ನು 1983ರಲ್ಲಿ ರೂಪಿಸಿದರು. ಮುಂದೆ ಅದು ಎಲ್ಲ ದುರಂತಗಳಿಗೂ ಹರಡಿತು. ಆದರೆ ಸರಿಯಾಗಿ ಪರೀಕ್ಷಿಸಿ ನೋಡಿದಾಗ ಹೀಗೆ ಒಂದೇ ಕೂಟದಲ್ಲಿ ಎಲ್ಲವನ್ನೂ ಹೇಳಿಸುವುದರಿಂದ ಕಾಯಿಲೆ ತಪ್ಪಲಿಲ್ಲ. ಕೆಲವು ಅಧ್ಯಯನಗಳಲ್ಲಿ ಹಾಗೆ ಎಲ್ಲವನ್ನೂ ಹೇಳಿದವರ ಸ್ಥಿತಿಯೇ ಹೆಚ್ಚು ಕೆಟ್ಟಿತ್ತು. ಇಂದು ವಿಶ್ವ ಆರೋಗ್ಯ ಸಂಸ್ಥೆ ಇದನ್ನು ಮಾಡಬೇಡಿ ಎನ್ನುತ್ತದೆ. ಬದಲಿಗೆ 2011ರಲ್ಲಿ ಅದು ಹೊರತಂದ ಮಾನಸಿಕ ಪ್ರಥಮ ಚಿಕಿತ್ಸೆಯ ಕೈಪಿಡಿ ಹೇಳುವುದು ತೀರಾ ಸರಳವಾದದ್ದು: ಪರಿಸ್ಥಿತಿ ನೋಡಿ, ಹೇಳಿದರೆ ಕೇಳಿ, ಬೇಕಾದ ನೆರವಿಗೆ ಜೋಡಿಸಿ. ‘ಹೇಳಿದರೆ’ ಎಂಬ ಮಾತಿಗೆ ನಾನೇ ಒತ್ತು ಕೊಡುತ್ತಿದ್ದೇನೆ. ಸುಮ್ಮನಿರುವವರಿಗೆ ಸುಮ್ಮನಿರುವ ಹಕ್ಕಿದೆ. ಒಣ ಬಟ್ಟೆ, ಫೋನಿಗೆ ಚಾರ್ಜು, ಕಳೆದುಹೋದವರ ಸುದ್ದಿ, ಹೆಂಗಸರಿಗೆ ಚಿಲಕವಿರುವ ಸ್ನಾನದ ಕೋಣೆ. ಮೊದಲ ವಾರದ ಮನೋಚಿಕಿತ್ಸೆ ಎಂದರೆ ಇವೇ.

ಮೊದಲ ವಾರ ಕಳೆಯುತ್ತದೆ. ಮುಖ್ಯ ಘಟ್ಟ ಬರುವುದು ಆಮೇಲೆ, ಮನೆ ಹಂಚುವಾಗ. ಇದನ್ನು ಜಪಾನಿನಷ್ಟು ದುಬಾರಿ ಬೆಲೆ ತೆತ್ತು ಕಲಿತ ದೇಶ ಇನ್ನೊಂದಿಲ್ಲ. ಹಾಗಾಗಿ ನಿಮ್ಮನ್ನು ಅಲ್ಲಿಗೆ ಕರೆದೊಯ್ಯುತ್ತೇನೆ, ಸ್ವಲ್ಪ ಹೊತ್ತು ಅಲ್ಲೇ ನಿಲ್ಲೋಣ.

1995ರ ಜನವರಿ 17, ಬೆಳಗಿನ ಜಾವ 5 ಗಂಟೆ 46 ನಿಮಿಷ. ಕೋಬೆ ನಗರ ನಡುಗಿತು. ಸತ್ತವರು 6,434 ಮಂದಿ. ಸರ್ಕಾರ ತಿಂಗಳುಗಳಲ್ಲೇ ಹತ್ತಾರು ಸಾವಿರ ತಾತ್ಕಾಲಿಕ ಮನೆಗಳನ್ನು ಎಬ್ಬಿಸಿತು. ಎಂಜಿನಿಯರಿಂಗ್ ದೃಷ್ಟಿಯಿಂದ ದೊಡ್ಡ ಸಾಧನೆ. ಹಂಚಿದ್ದು ಲಾಟರಿಯ ಮೂಲಕ, ವೃದ್ಧರಿಗೆ ಮತ್ತು ಅಂಗವಿಕಲರಿಗೆ ಮೊದಲ ಆದ್ಯತೆ. ಇದಕ್ಕಿಂತ ನ್ಯಾಯವಾದ ಕ್ರಮ ಯಾವುದಿದೆ ಎಂದು ಆಗ ಎಲ್ಲರಿಗೂ ಅನ್ನಿಸಿತು. ಆದರೆ ಆ ಮನೆಗಳಲ್ಲಿ ಬಹಳಷ್ಟು ಊರಾಚೆ ಇದ್ದವು, ಸಮುದ್ರ ತುಂಬಿಸಿ ಮಾಡಿದ ನೆಲದಲ್ಲಿ, ಗುಡ್ಡದಾಚೆಯ ಬಡಾವಣೆಗಳಲ್ಲಿ. ನಲವತ್ತು ವರ್ಷ ಒಂದೇ ಓಣಿಯಲ್ಲಿದ್ದವರು ಚೀಟಿ ಬಂದ ಕಡೆಗೆ ಚದುರಿದರು. ವೃದ್ಧರಿಗೆ ಮೊದಲು ಕೊಟ್ಟಿದ್ದರಿಂದ ಸಾಲು ಸಾಲು ಮನೆಗಳಲ್ಲಿ ಪರಸ್ಪರ ಪರಿಚಯವಿಲ್ಲದ ವೃದ್ಧರೇ ತುಂಬಿಕೊಂಡರು. ಬಾಗಿಲು ತಟ್ಟುವವರಿಲ್ಲ. ಆಮೇಲೆ ಒಂದೊಂದಾಗಿ ಸುದ್ದಿ ಬರತೊಡಗಿತು: ಒಬ್ಬರು ಮನೆಯೊಳಗೇ ಸತ್ತು ಎಷ್ಟೋ ದಿನದ ಮೇಲೆ ಗೊತ್ತಾಯಿತು, ಇನ್ನೊಬ್ಬರು ಹಾಗೆಯೇ. ತಾತ್ಕಾಲಿಕ ಮನೆಗಳು ಇದ್ದ ಕೆಲವೇ ವರ್ಷಗಳಲ್ಲಿ ಹೀಗೆ ಒಂಟಿಯಾಗಿ ಸತ್ತವರು ಇನ್ನೂರಕ್ಕೂ ಹೆಚ್ಚು. ಭೂಕಂಪ ಅವರನ್ನು ಜೀವಂತ ಬಿಟ್ಟಿತ್ತು.

ಜಪಾನ್ ಇದನ್ನು ಮರೆಯಲಿಲ್ಲ. 2004ರ ಅಕ್ಟೋಬರ್‌ನಲ್ಲಿ ನಿಗಾತ ಪ್ರಾಂತದ ಗುಡ್ಡಗಾಡಿನಲ್ಲಿ ಭೂಕಂಪವಾಗಿ ಯಮಕೋಶಿ ಎಂಬ ಹಳ್ಳಿಯನ್ನು ಪೂರ್ತಿ ಖಾಲಿ ಮಾಡಿಸಬೇಕಾಯಿತು. ಆ ಊರೂ ಕೊಡಗಿನಂತೆ ಗುಡ್ಡದ ಇಳಿಜಾರಿನದು, ಗದ್ದೆಗಳ ಮೆಟ್ಟಿಲಿನದು. ಈ ಸಲ ಅಧಿಕಾರಿಗಳು ತಾತ್ಕಾಲಿಕ ಮನೆಗಳನ್ನು ಕೇರಿ ಕೇರಿಯಾಗಿ ಜೋಡಿಸಿದರು. ಊರಲ್ಲಿ ಯಾರ ಪಕ್ಕ ಯಾರಿದ್ದರೋ ಆದಷ್ಟು ಅವರೇ ಪಕ್ಕದಲ್ಲಿರುವಂತೆ ನೋಡಿಕೊಂಡರು.

ಹಾಗೆ ಮಾಡುವುದರಿಂದ ನಿಜಕ್ಕೂ ಫಲ ಸಿಗುತ್ತದೆಯೇ, ಅಥವಾ ಇದು ನಮ್ಮಂಥವರ ಭಾವುಕತೆಯೇ? ಇದಕ್ಕೆ ಗಟ್ಟಿಯಾದ ಉತ್ತರ ಸಿಕ್ಕಿದ್ದು ಮಿಯಾಗಿ ಪ್ರಾಂತದ ಇವಾನುಮ ಎಂಬ ಪಟ್ಟಣದಿಂದ. ಅಲ್ಲಿನ 65 ದಾಟಿದವರ ಆರೋಗ್ಯ, ಸ್ನೇಹ, ಓಡಾಟಗಳ ಬಗ್ಗೆ 2010ರಲ್ಲಿ ಒಂದು ಸಮೀಕ್ಷೆ ನಡೆದಿತ್ತು, ಬೇರೆಯೇ ಉದ್ದೇಶಕ್ಕೆ. ಏಳು ತಿಂಗಳ ನಂತರ, 2011ರ ಮಾರ್ಚ್ 11ರಂದು, ಸುನಾಮಿ ಬಂತು. ಸಂಶೋಧಕರು ಅದೇ ಜನರನ್ನು ಮತ್ತೆ ಹುಡುಕಿ ಅದೇ ಪ್ರಶ್ನೆಗಳನ್ನು ಕೇಳಿದರು. ಮನೆ ಕಳೆದುಕೊಂಡವರಲ್ಲಿ ಕೆಲವರು ಇಡೀ ನೆರೆಹೊರೆಯ ಜೊತೆ ಗುಂಪಾಗಿ ಸ್ಥಳಾಂತರಗೊಂಡಿದ್ದರು. ಉಳಿದವರು ಲಾಟರಿಯಲ್ಲಿ ಸಿಕ್ಕ ಮನೆಗೋ ಬಾಡಿಗೆ ಮನೆಗೋ ಒಂಟಿಯಾಗಿ ಹೋಗಿದ್ದರು. ಗುಂಪಾಗಿ ಹೋದವರಲ್ಲಿ ಒಬ್ಬರನ್ನೊಬ್ಬರು ಕಾಣುವುದು, ಕೂಟಗಳಿಗೆ ಹೋಗುವುದು ಮೊದಲಿಗಿಂತ ಹೆಚ್ಚಾಗಿತ್ತು. ಒಂಟಿಯಾಗಿ ಹೋದವರಲ್ಲಿ ಅದು ಇಳಿದಿತ್ತು. ಈ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ಸುನಾಮಿ ಒಂದೇ, ಪಟ್ಟಣ ಒಂದೇ, ವಯಸ್ಸೂ ಅದೇ. ಬೇರೆಯಾಗಿದ್ದದ್ದು ಮನೆ ಹಂಚಿದ ರೀತಿ.

ಈ ಮಾತನ್ನು ನಾನು ತಹಶೀಲ್ದಾರರ ಸಭೆಗಳಲ್ಲಿ ಹೇಳಿದ್ದೇನೆ. ‘ಮೇಡಂ, ಲಾಟರಿ ಬಿಟ್ಟರೆ ಶಿಫಾರಸು ಶುರುವಾಗುತ್ತದೆ’ ಎಂಬ ಉತ್ತರ ಬರುತ್ತದೆ. ಆ ಭಯ ನ್ಯಾಯವಾದದ್ದೇ. ಚೀಟಿ ಎತ್ತುವುದರಲ್ಲಿ ಪಕ್ಷಪಾತವಿಲ್ಲ ಎಂಬ ನಂಬಿಕೆಯನ್ನು ಕಳೆದುಕೊಳ್ಳಬಾರದು. ಆದರೆ ಚೀಟಿಯನ್ನು ಒಂದೊಂದು ಕುಟುಂಬಕ್ಕೇ ಎತ್ತಬೇಕೆಂದು ಯಾವ ಕಾನೂನೂ ಹೇಳುವುದಿಲ್ಲ. ಐದಾರು ಮನೆಯವರು ಸೇರಿ ಒಂದೇ ಅರ್ಜಿ ಕೊಡಲಿ, ಚೀಟಿಯಲ್ಲಿ ಆ ಗುಂಪಿಗೆ ಯಾವ ಸಾಲು ಬರುತ್ತದೋ ಬರಲಿ. ನ್ಯಾಯವೂ ಉಳಿಯಿತು, ನೆರೆಹೊರೆಯೂ ಉಳಿಯಿತು. ಇದಕ್ಕೆ ಒಂದು ರೂಪಾಯಿಯ ಹೆಚ್ಚುವರಿ ಅನುದಾನ ಬೇಡ.

ಈಗ ನಮ್ಮ ಗಡಿಯಾಚೆಗೇ ಬರೋಣ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಸುತ್ತ ಭೂಮಿ ನಡುಗಿದಾಗ ನಮ್ಮ ಬೀದರ್, ಕಲಬುರಗಿ ಕಡೆಯ ಜನರೂ ಎದ್ದು ಹೊರಗೆ ಓಡಿದ್ದರು. ಅನಂತ ಚತುರ್ದಶಿಯ ರಾತ್ರಿ ಅದು. ಗಣಪತಿಯನ್ನು ನೀರಿಗೆ ಬಿಟ್ಟು ಬಂದು ಜನ ಮಲಗಿದ್ದರು. ಕಲ್ಲು-ಮಣ್ಣಿನ ದಪ್ಪ ಗೋಡೆಗಳು ಮೈಮೇಲೆ ಬಿದ್ದು ಸುಮಾರು ಹತ್ತು ಸಾವಿರ ಜನ ತೀರಿಕೊಂಡರು. ಹೆಚ್ಚು ಹಾಳಾದ ಐವತ್ತಕ್ಕೂ ಹೆಚ್ಚು ಹಳ್ಳಿಗಳನ್ನು ಬೇರೆ ಜಾಗದಲ್ಲಿ ಹೊಸದಾಗಿ ಕಟ್ಟಲಾಯಿತು. ನೇರ ರಸ್ತೆ, ಸಮ ಚೌಕದ ನಿವೇಶನ, ಮನೆಯಿಂದ ಮನೆಗೆ ದೂರ, ಪಟ್ಟಣದ ಬಡಾವಣೆಯ ಹಾಗೆ. ಮೊದಲಿನ ಊರುಗಳಲ್ಲಿ ವಾಡೆಯ ಅಂಗಳವಿತ್ತು, ಇಕ್ಕಟ್ಟಾದ ಗಲ್ಲಿಯಲ್ಲಿ ಎದುರುಬದುರು ಕಟ್ಟೆಗಳಿದ್ದವು, ಹೆಂಗಸರು ಅಲ್ಲೇ ಕೂತು ಕಾಳು ಹಸನು ಮಾಡುತ್ತಿದ್ದರು. ಹೊಸ ಊರಿನಲ್ಲಿ ಕೂರಲು ಜಾಗವೇ ಇಲ್ಲದಂತಾಯಿತು. ಗೋಡೆ ಗಟ್ಟಿಯಾಗಿತ್ತು, ಅಂಗಳ ಮಾಯವಾಗಿತ್ತು.

ಅದೇ ಲಾತೂರಿನಲ್ಲಿ ಇನ್ನೊಂದು ಸಂಗತಿಯೂ ನಡೆಯಿತು. ಬೆಳವಣಿಗೆ ಎಂದು ನಾನು ನಂಬಿ ಕರೆಯುವುದು ಅದನ್ನು. ಸ್ಥಳಾಂತರವಾಗದ, ಮನೆಗಳನ್ನು ಇದ್ದಲ್ಲೇ ದುರಸ್ತಿ ಮಾಡಬೇಕಿದ್ದ ಸಾವಿರಕ್ಕೂ ಹೆಚ್ಚು ಹಳ್ಳಿಗಳಲ್ಲಿ ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಸರ್ಕಾರದ ಜೊತೆಗೂಡಿ ಹಳ್ಳಿಯ ಹೆಂಗಸರನ್ನೇ ‘ಸಂವಾದ ಸಹಾಯಕ’ರನ್ನಾಗಿ ನೇಮಿಸಿತು. ಪ್ರೇಮಾ ಗೋಪಾಲನ್ ಅದರ ಹಿಂದಿದ್ದ ಚೇತನ. ಈ ಹೆಂಗಸರ ಕೆಲಸ ಮನೆಮನೆಗೆ ಹೋಗಿ ಅನುದಾನದ ಕಂತು ಹೇಗೆ ಬರುತ್ತದೆ, ಗೋಡೆಗೆ ಕಬ್ಬಿಣದ ಪಟ್ಟಿ ಯಾಕೆ ಬೇಕು, ಮೂಲೆಗಲ್ಲು ಹೇಗೆ ಕೂರಿಸಬೇಕು ಎಂದು ತಿಳಿಸುವುದು, ಮೇಸ್ತ್ರಿ ಸರಿಯಾಗಿ ಮಾಡುತ್ತಿದ್ದಾನೆಯೇ ಎಂದು ನೋಡುವುದು. ಅದುವರೆಗೆ ಊರ ಸಭೆಯಲ್ಲಿ ಬಾಯಿ ಬಿಡದವರು ಎಂಜಿನಿಯರಿಗೆ ಎದುರು ನಿಂತು ಪ್ರಶ್ನೆ ಕೇಳತೊಡಗಿದರು. 2001ರಲ್ಲಿ ಕಚ್ಛ್ ನಡುಗಿದಾಗ ಲಾತೂರಿನ ಹೆಂಗಸರು ಅಲ್ಲಿಗೆ ಹೋದರು. 2004ರ ಸುನಾಮಿಯ ನಂತರ ತಮಿಳುನಾಡಿಗೂ ಹೋದರು. ಭಾಷೆ ಬರುತ್ತಿರಲಿಲ್ಲ. ಆದರೆ ಮನೆ ಮಣ್ಣಾದ ಹೆಂಗಸಿನ ಮುಂದೆ, ಮನೆ ಮಣ್ಣಾಗಿ ಮತ್ತೆ ಕಟ್ಟಿಕೊಂಡ ಇನ್ನೊಬ್ಬ ಹೆಂಗಸು ಬಂದು ಕೂತಾಗ ಪದವಿ ಪಡೆದ ನಮ್ಮಂಥವರಿಂದ ಆಗದ್ದು ಆಗುತ್ತದೆ.

ಗಮನಿಸಿ, ಆ ಹೆಂಗಸರಿಗೆ ಯಾರೂ ‘ಧೈರ್ಯ ತಂದುಕೊಳ್ಳಿ’ ಎಂದು ಬೋಧನೆ ಮಾಡಲಿಲ್ಲ. ಅವರಿಗೆ ಕೆಲಸ ಕೊಟ್ಟರು, ತರಬೇತಿ ಕೊಟ್ಟರು, ಅವರ ಮಾತಿಗೆ ಬೆಲೆ ಕೊಟ್ಟರು. ಧೈರ್ಯ ಅದರ ಹಿಂದೆ ಬಂತು.

ದುರಂತದ ನಂತರದ ಬೆಳವಣಿಗೆಗೆ ಮನಃಶಾಸ್ತ್ರದಲ್ಲಿ ಒಂದು ಹೆಸರಿದೆ. ಅಮೆರಿಕದ ರಿಚರ್ಡ್ ಟೆಡೆಸ್ಕಿ ಮತ್ತು ಲಾರೆನ್ಸ್ ಕ್ಯಾಲ್‌ಹೂನ್ 1990ರ ದಶಕದ ನಡುವಿನಲ್ಲಿ ಇದನ್ನು ‘ಆಘಾತೋತ್ತರ ಬೆಳವಣಿಗೆ’ ಎಂದು ಕರೆದು, 1996ರಲ್ಲಿ 21 ಪ್ರಶ್ನೆಗಳ ಒಂದು ಮಾಪನವನ್ನು ರಚಿಸಿದರು. ಹತ್ತಿರದವರ ಜೊತೆಗಿನ ಬಂಧ ಗಾಢವಾಗುವುದು, ಹೊಸ ದಾರಿಗಳು ಕಾಣುವುದು, ತನ್ನಲ್ಲಿ ಇಂಥ ಶಕ್ತಿ ಇತ್ತೇ ಎಂದು ತನಗೇ ತಿಳಿಯುವುದು, ಅಧ್ಯಾತ್ಮದ ಕಡೆಗೆ ಮನಸ್ಸು ತಿರುಗುವುದು, ದಿನದ ಬದುಕನ್ನು ಹೆಚ್ಚು ಪ್ರೀತಿಸುವುದು, ಇವು ಅವರು ಗುರುತಿಸಿದ ಬದಲಾವಣೆಗಳು. ಬೆಳೆಸುವುದು ದುರಂತವಲ್ಲ, ದುರಂತದ ಜೊತೆ ನಡೆಸಿದ ಹೆಣಗಾಟ ಎಂದು ಅವರೇ ಎಚ್ಚರಿಸಿದ್ದರು. ಆ ಎಚ್ಚರಿಕೆಯನ್ನು ಓದುವವರು ಕಡಿಮೆ. ‘ಕಷ್ಟ ಬಂದದ್ದು ಒಳ್ಳೆಯದಕ್ಕೇ’ ಎಂದು ಸಂತ್ರಸ್ತರ ಮುಂದೆ ಹೇಳುವವರನ್ನು ನಾನು ಕೇಳಿದ್ದೇನೆ. ದಯವಿಟ್ಟು ಹಾಗೆ ಹೇಳಬೇಡಿ. ಮಗನನ್ನು ಕಳೆದುಕೊಂಡ ತಂದೆ ಸಮಾಜಸೇವೆಗೆ ಇಳಿಯಬಹುದು, ಆ ಸೇವೆ ಮಗನ ಸಾವಿಗೆ ಬೆಲೆಯಾಗಿ ಸಿಕ್ಕಿದ್ದಲ್ಲ. ಆಯ್ಕೆ ಕೊಟ್ಟಿದ್ದರೆ ಅವರು ಮಗನನ್ನೇ ಕೇಳುತ್ತಿದ್ದರು.

ಇದನ್ನು ಸಂಶೋಧನೆಯೂ ಹೇಳುತ್ತದೆ. 2005ರಲ್ಲಿ ಕತ್ರಿನಾ ಚಂಡಮಾರುತ ನ್ಯೂ ಆರ್ಲಿಯನ್ಸನ್ನು ಮುಳುಗಿಸುವ ಮುನ್ನವೇ ಅಲ್ಲಿ ಕಾಲೇಜಿಗೆ ಸೇರಿದ್ದ, ಕಡಿಮೆ ಆದಾಯದ ಸಾವಿರದಷ್ಟು ಜನ ಪೋಷಕರ ಮಾಹಿತಿ ಸಂಶೋಧಕರ ಬಳಿ ಇತ್ತು. ಹೆಚ್ಚಿನವರು ಎಳೆಯ ವಯಸ್ಸಿನ ಕಪ್ಪುವರ್ಣೀಯ ತಾಯಂದಿರು. ಜೀನ್ ರೋಡ್ಸ್, ಮೇರಿ ವಾಟರ್ಸ್ ಮತ್ತು ಅವರ ಸಂಗಡಿಗರು ಅವರನ್ನು ವರ್ಷಗಟ್ಟಲೆ ಹಿಂಬಾಲಿಸಿದರು. ಬೆಳವಣಿಗೆ ಕಂಡಿದ್ದೇವೆ ಎಂದವರೂ ಆಘಾತದ ಲಕ್ಷಣಗಳಿಂದ ನರಳುತ್ತಿದ್ದವರೂ ಎರಡು ಬೇರೆ ಗುಂಪುಗಳಾಗಿರಲಿಲ್ಲ. ಹಲವರಲ್ಲಿ ಎರಡೂ ಒಟ್ಟಿಗೇ ಇದ್ದವು. ಹನ್ನೆರಡು ವರ್ಷದ ನಂತರವೂ ಆರರಲ್ಲಿ ಒಬ್ಬರಷ್ಟು ಜನರಲ್ಲಿ ಆಘಾತದ ಲಕ್ಷಣಗಳು ಉಳಿದಿದ್ದವು. ಮಿನ್ನೆಸೋಟ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಫ್ರೇಜಿಯರ್ 2009ರಲ್ಲಿ ಇನ್ನೊಂದು ಬಗೆಯಲ್ಲಿ ಪರೀಕ್ಷಿಸಿದರು. ವಿದ್ಯಾರ್ಥಿಗಳನ್ನು ಆಘಾತಕ್ಕೆ ಮೊದಲೂ ನಂತರವೂ ಅಳೆದು ನೋಡಿದಾಗ, ‘ನಾನು ಬೆಳೆದಿದ್ದೇನೆ’ ಎಂಬ ಹೇಳಿಕೆಗೂ ನಿಜವಾಗಿ ಆದ ಬದಲಾವಣೆಗೂ ಹೆಚ್ಚು ಹೊಂದಾಣಿಕೆ ಕಾಣಲಿಲ್ಲ. ಇದರಿಂದ ಬೆಳವಣಿಗೆ ಸುಳ್ಳು ಎಂದಾಗುವುದಿಲ್ಲ. ಲಾತೂರಿನ ಹೆಂಗಸರು ಸುಳ್ಳಲ್ಲ. ಆದರೆ ಮೈಕ್ ಹಿಡಿದು ‘ಈ ದುರಂತ ನಿಮಗೆ ಏನು ಕಲಿಸಿತು’ ಎಂದು ಕೇಳಿದಾಗ ಬರುವ ಉತ್ತರವನ್ನು ಚೇತರಿಕೆಯ ಪ್ರಮಾಣಪತ್ರ ಎಂದುಕೊಂಡು ನೆರವು ನಿಲ್ಲಿಸಬಾರದು.

ಜನ ನಿಜಕ್ಕೂ ನೆಚ್ಚುವುದು ಯಾವುದನ್ನು? ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮನೋವೈದ್ಯರು 2004ರ ಸುನಾಮಿಯ ನಂತರ ನಾಗಪಟ್ಟಣಂ ಕಡೆಯ ಮೀನುಗಾರರ ಹಳ್ಳಿಗಳಲ್ಲಿ ಜನರನ್ನು ಗುಂಪಾಗಿ ಕೂರಿಸಿಕೊಂಡು, ಈ ದುಃಖವನ್ನು ನೀವು ಹೇಗೆ ದಾಟುತ್ತಿದ್ದೀರಿ ಎಂದು ಕೇಳಿದರು. ಜನ ದೇವರ ಬಗ್ಗೆ, ಕಡಲಿನ ಬಗ್ಗೆ, ಊರಿನ ಬಗ್ಗೆ, ಒಬ್ಬರಿಗೊಬ್ಬರು ಆದ ಬಗ್ಗೆ ಹೇಳಿದರು. ಹೊರಗಿನಿಂದ ಬಂದ ಸಲಹೆಗಾರರಿಗಿಂತ ಊರಿನ ಒಗ್ಗಟ್ಟಿನ ಮೇಲೆ, ತಮ್ಮದೇ ಆಚರಣೆಗಳ ಮೇಲೆ ಅವರಿಗೆ ಹೆಚ್ಚಿನ ಭರವಸೆಯಿತ್ತು. ಸತ್ತವರಿಗೆ ಮಾಡಬೇಕಾದ್ದನ್ನು ಮಾಡದೆ ಬದುಕಿದವರ ಮನಸ್ಸು ಮುಂದೆ ಸಾಗುವುದಿಲ್ಲ ಎಂಬುದು ನಮ್ಮ ಊರುಗಳಿಗೆ ಗೊತ್ತಿರುವ ಮಾತು. ಐನ್‌ಮನೆ, ಕೈಮಡ, ಕಾರಣ ಎಂದು ಹಿರಿಯರನ್ನು ಮನೆಯೊಳಗೇ ಇಟ್ಟುಕೊಂಡ ಕೊಡಗಿಗೆ ಇದನ್ನು ನಾನು ವಿವರಿಸಬೇಕಾಗಿಲ್ಲ.

ಹಾಗಾದರೆ ಶವವೇ ಸಿಗದಿದ್ದರೆ? ಅಮೆರಿಕದ ಪಾಲಿನ್ ಬಾಸ್ ಎಂಬ ಕುಟುಂಬ ಚಿಕಿತ್ಸಕಿ ಇಂಥ ಕೊನೆಯಿಲ್ಲದ ನಷ್ಟದ ಬಗ್ಗೆ ಜೀವನವಿಡೀ ಕೆಲಸ ಮಾಡಿದರು. ಸತ್ತಿದ್ದಾರೆ ಎಂದು ಅಳಲೂ ಆಗದು, ಬರುತ್ತಾರೆ ಎಂದು ಕಾಯಲೂ ಆಗದು. 2024ರ ಜುಲೈ 30ರ ನಸುಕಿನಲ್ಲಿ ನಮ್ಮ ಪಕ್ಕದ ವಯನಾಡಿನ ಮುಂಡಕ್ಕೈ, ಚೂರಲ್‌ಮಲಗಳ ಮೇಲೆ ಗುಡ್ಡ ಇಳಿದು ಸುಮಾರು 300 ಜನ ತೀರಿಕೊಂಡರು. ಅವರಲ್ಲಿ ಕರ್ನಾಟಕದಿಂದ ಕೂಲಿಗೆ ಹೋಗಿ ಅಲ್ಲಿನ ತೋಟಗಳ ‘ಪಾಡಿ’ ಎಂಬ ಲೈನ್ ಮನೆಗಳಲ್ಲಿ ನೆಲೆಸಿದ್ದವರೂ ಇದ್ದರು. ದೇಹಗಳು, ದೇಹದ ಭಾಗಗಳು ಚಾಲಿಯಾರ್ ಹೊಳೆಯಲ್ಲಿ ತೇಲಿ ಎಷ್ಟೋ ಮೈಲಿ ಕೆಳಗೆ ನಿಲಂಬೂರಿನಲ್ಲಿ ಸಿಕ್ಕಿದವು. ಗುರುತು ಹತ್ತದವರನ್ನು ಪುತ್ತುಮಲದಲ್ಲಿ ಮಣ್ಣು ಮಾಡಿದರು. ಎಲ್ಲ ಧರ್ಮದವರೂ ಸೇರಿ ಪ್ರಾರ್ಥನೆ ಮಾಡಿದರು, ಯಾಕೆಂದರೆ ಆ ಮಣ್ಣಿನೊಳಗೆ ಇರುವವರು ಯಾವ ಧರ್ಮದವರು ಎಂದು ಯಾರಿಗೂ ಗೊತ್ತಿರಲಿಲ್ಲ. ಪ್ರತಿ ಗೋರಿಗೆ ಒಂದು ಕಲ್ಲು, ಕಲ್ಲಿನ ಮೇಲೆ ಹೆಸರಿಲ್ಲ, ಒಂದು ಸಂಖ್ಯೆ. ಸಂಬಂಧಿಕರ ರಕ್ತದ ಮಾದರಿ ತೆಗೆದು ಡಿಎನ್‌ಎ ಹೋಲಿಸಿದ ಮೇಲೆ ಒಂದೊಂದಾಗಿ ಸಂಖ್ಯೆಗೆ ಹೆಸರು ಸಿಕ್ಕಿತು. ಪ್ರಯೋಗಾಲಯದ ತಂತ್ರಜ್ಞರು ಮಾಡಿದ ಈ ಕೆಲಸ ನನ್ನ ಲೆಕ್ಕದಲ್ಲಿ ಮನಸ್ಸಿನ ಚಿಕಿತ್ಸೆಯೇ. ಆ ಕಲ್ಲಿನ ಮುಂದೆ ಕೂತು ಅಳುವುದಕ್ಕೆ ಒಂದು ಕುಟುಂಬಕ್ಕೆ ಕೊನೆಗೂ ಜಾಗ ಸಿಕ್ಕಿತು.

ಅದೇ ಊರಿನ ವೆಳ್ಳಾರ್‌ಮಲ ಸರ್ಕಾರಿ ಶಾಲೆ ಹೊಳೆಯ ದಂಡೆಯಲ್ಲಿತ್ತು, ಕಲ್ಲು-ಕೆಸರಿನಲ್ಲಿ ಹಾಳಾಯಿತು, ಮಕ್ಕಳು ಸಹಪಾಠಿಗಳನ್ನು ಕಳೆದುಕೊಂಡರು. ಆ ಮಕ್ಕಳನ್ನು ಸಿಕ್ಕ ಸಿಕ್ಕ ಶಾಲೆಗಳಿಗೆ ಹಂಚಿಬಿಡುವುದು ಸುಲಭವಿತ್ತು. ಹಾಗೆ ಮಾಡಲಿಲ್ಲ. ಸೆಪ್ಟೆಂಬರ್ ಆರಂಭದಲ್ಲೇ ಮೇಪ್ಪಾಡಿಯಲ್ಲಿ ಜಾಗ ಮಾಡಿಕೊಟ್ಟು ಅದೇ ಹೆಸರಿನ ಶಾಲೆಯಾಗಿ, ಜೊತೆಯ ಮಕ್ಕಳ ನಡುವೆಯೇ ಪಾಠ ಮುಂದುವರಿಸಿದರು. 2025ರ ಜನವರಿಯಲ್ಲಿ ತಿರುವನಂತಪುರದ ರಾಜ್ಯ ಶಾಲಾ ಕಲೋತ್ಸವದ ಉದ್ಘಾಟನೆಯಂದು ಆ ಮಕ್ಕಳು ವೇದಿಕೆ ಏರಿ ಕುಣಿದರು. ನೋಡಿದವರ ಕಣ್ಣು ತುಂಬಿತು. ನನಗೂ ಸಂತೋಷವಾಯಿತು. ಆದರೆ ಆ ಸಂತೋಷದ ಮೂಲ ಆ ದಿನದ ಕುಣಿತಕ್ಕಿಂತ ಹಿಂದೆ, ಹಾಜರಿ ಪುಸ್ತಕವನ್ನು ಒಡೆಯದೆ ಒಂದಾಗಿ ಉಳಿಸಿಕೊಂಡ ತೀರ್ಮಾನದಲ್ಲಿದೆ. ಕುಣಿಯದ, ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತ ಮಗುವನ್ನೂ ಆ ತೀರ್ಮಾನ ಕಾಪಾಡಿತು.

ಕೊಡಗಿಗೆ ಮರಳುತ್ತೇನೆ. ಇಲ್ಲಿ ಜಂಬೂರು, ಕರ್ಣಂಗೇರಿ, ಮದೆಯಂಥ ಕಡೆಗಳಲ್ಲಿ ಹೊಸ ಮನೆಗಳಾದವು. ಗೋಡೆ ಒಳ್ಳೆಯದಿದೆಯೇ, ನೀರು ಬರುತ್ತದೆಯೇ ಎಂದು ನಾವು ಕೇಳುತ್ತೇವೆ, ಕೇಳಲೇಬೇಕು. ಅದರ ಜೊತೆಗೆ ಇನ್ನೂ ಕೆಲವು ಪ್ರಶ್ನೆಗಳಿವೆ. ತೋಟದ ನಡುವಿನ ಒಂಟಿ ಮನೆಯಲ್ಲಿ ಹುಟ್ಟಿ ಬೆಳೆದವರು, ನೆರೆಮನೆ ಎಂದರೆ ಕೂಗಿದರೆ ಕೇಳುವಷ್ಟು ದೂರ ಎಂದುಕೊಂಡವರು, ಗೋಡೆಗೆ ಗೋಡೆ ತಾಗಿದ ಸಾಲಿನಲ್ಲಿ ಹೇಗಿದ್ದಾರೆ? ಬೆಳಿಗ್ಗೆ ಎದ್ದರೆ ಹಸು, ಮೆಣಸಿನ ಬಳ್ಳಿ, ಏಲಕ್ಕಿ ಎಂದು ಹೊತ್ತು ಹೋಗುತ್ತಿದ್ದವರ ಕೈಗೆ ಈಗ ಏನು ಕೆಲಸ? ನಾನು ಹೋದ ಕಡೆ ಅರವತ್ತು ದಾಟಿದ ಗಂಡಸರು ಹೆಚ್ಚು ಮಂಕಾಗಿ ಕಂಡರು, ಹೆಂಗಸರಿಗೆ ಅಡುಗೆ ಮನೆಯ ಕೆಲಸವಾದರೂ ಉಳಿದಿತ್ತು. ಮನೆಯ ಹಿಂದೆ ಎರಡು ಸೆಂಟು ಜಾಗ ಕೊಟ್ಟು ಒಂದು ಹಸು ಕಟ್ಟಲು ಬಿಟ್ಟಿದ್ದರೆ, ಎಷ್ಟೋ ಮಾತ್ರೆ ಬರೆಯುವ ಅಗತ್ಯ ಬೀಳುತ್ತಿರಲಿಲ್ಲ ಎಂದು ನನಗೆ ಅನ್ನಿಸುತ್ತದೆ. ಲೈನ್ ಮನೆಗಳಲ್ಲಿದ್ದ ಕೂಲಿ ಕುಟುಂಬಗಳ ಮಾತು ಇನ್ನೂ ಬೇರೆ. ಅವರಿಗೆ ತೋರಿಸಲು ಪಹಣಿ ಇಲ್ಲ, ಮನೆ ತೆರಿಗೆಯ ರಸೀದಿ ಇಲ್ಲ. ಕಳೆದುಕೊಂಡದ್ದು ಕಾಗದದಲ್ಲಿ ಇಲ್ಲದಿದ್ದರೆ ಅವರ ದುಃಖವೂ ಲೆಕ್ಕಕ್ಕೆ ಬರುವುದಿಲ್ಲ. ಇದು ನನಗೆ ಸಹಿಸಲಾಗದ ಅನ್ಯಾಯವಾಗಿ ಕಾಣುತ್ತದೆ.

ಹಾಗಾಗಿ ಇಲ್ಲಿ ಕುಳಿತಿರುವ ಪಂಚಾಯಿತಿ ಸದಸ್ಯರಿಗೆ, ಕಂದಾಯ ಅಧಿಕಾರಿಗಳಿಗೆ, ಸಂಘ-ಸಂಸ್ಥೆಯವರಿಗೆ ನನ್ನದೊಂದು ನಿರ್ದಿಷ್ಟ ಕೋರಿಕೆ ಇದೆ. ಪ್ರತಿ ವರ್ಷ ಮೇ ತಿಂಗಳಲ್ಲಿ ನೀವು ಅಪಾಯದ ಸ್ಥಳಗಳ ಪಟ್ಟಿ ಮಾಡುತ್ತೀರಿ, ದೋಣಿ, ಜೆಸಿಬಿ, ಗಂಜಿ ಕೇಂದ್ರ ಗುರುತಿಸುತ್ತೀರಿ. ಅದರ ಜೊತೆಗೆ ಪ್ರತಿ ಅಪಾಯದ ಊರಿನಲ್ಲೂ ಇನ್ನೊಂದು ಪುಸ್ತಕ ಬರೆಯಿರಿ. ಯಾರ ಮನೆಯ ಪಕ್ಕ ಯಾರ ಮನೆ, ಒಂಟಿಯಾಗಿರುವ ವೃದ್ಧರನ್ನು ದಿನಾ ಮಾತನಾಡಿಸುವವರು ಯಾರು, ಮಕ್ಕಳು ಯಾವ ಶಾಲೆಗೆ ಯಾರ ಜೊತೆ ಹೋಗುತ್ತಾರೆ, ಲೈನ್ ಮನೆಗಳಲ್ಲಿ ಎಷ್ಟು ಕುಟುಂಬಗಳಿವೆ, ಅವರ ಹೆಸರೇನು. ಆಶಾ ಕಾರ್ಯಕರ್ತೆಯರಿಗೆ, ಅಂಗನವಾಡಿ ಶಿಕ್ಷಕಿಯರಿಗೆ ಇದೆಲ್ಲ ಬಾಯಿಪಾಠ ಇರುತ್ತದೆ. ಅವರನ್ನು ಕೂರಿಸಿ, ಆ ದಿನದ ಗೌರವಧನ ಕೊಟ್ಟು ಬರೆಸಿದರೆ ಸಾಕು. ಗುಡ್ಡ ಮತ್ತೆ ಜಾರಿದರೆ, ಗಂಜಿ ಕೇಂದ್ರದಲ್ಲಿ ಚಾಪೆ ಹಾಸುವಾಗಲೇ ಆ ಪುಸ್ತಕವನ್ನು ತೆರೆಯಿರಿ. ಪಕ್ಕದ ಮನೆಯವರ ಚಾಪೆ ಪಕ್ಕದಲ್ಲೇ ಇರಲಿ. ಶಾಶ್ವತ ಮನೆ ಹಂಚುವ ದಿನವೂ ಮೇಜಿನ ಮೇಲೆ ಅದೇ ಪುಸ್ತಕವಿರಲಿ. ಈ ವರ್ಷದ ಮುಂಗಾರಿಗೆ ಮುನ್ನ ಒಂದೇ ಒಂದು ಪಂಚಾಯಿತಿ ಇದನ್ನು ಶುರು ಮಾಡುವುದಾದರೆ, ನಮೂನೆ ಸಿದ್ಧಪಡಿಸಲು ಮತ್ತು ತರಬೇತಿ ಕೊಡಲು ನಾನೂ ನನ್ನ ಸಹೋದ್ಯೋಗಿಗಳೂ ಬರುತ್ತೇವೆ. ಸಭೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ, ದಯವಿಟ್ಟು ಬಂದು ಊರಿನ ಹೆಸರು ಬರೆಸಿ.